ಒಂದು ಗೇಣಿನ ಸಂದಿ: ಪಾಲಿಕೆ ಆಯುಕ್ತರಿಗೊಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರಿಗೆ, ನಮಸ್ಕಾರಗಳು.

ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗವೇ ಸೆಟ್‌ಬ್ಯಾಕ್ ಎಂದು ತಮಗೆ ತಿಳಿಹೇಳುವ ಉದ್ಧಟತನ ನನಗಿಲ್ಲ. ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ, ನನ್ನ ಮನೆಯ ಪಕ್ಕದ ನಿವೇಶನದಲ್ಲಿ ಎದ್ದು ನಿಂತಿರುವ ಐದಂತಸ್ತಿನ ವಾಣಿಜ್ಯ ಕಟ್ಟಡವನ್ನು ಟೇಪು ಹಿಡಿದು ಅಳೆಸಿ, ಬಿಡಬೇಕಾದ ಜಾಗವನ್ನು ಬಿಡಿಸಿ ಎಂದು ಮೂರು ವರ್ಷಗಳಲ್ಲಿ ಹನ್ನೊಂದು ಅರ್ಜಿ ಕೊಟ್ಟಿದ್ದೇನೆ. ನಾಲ್ಕಕ್ಕೆ ಹಿಂಬರಹ ಬಂದಿದೆ. ನಾಲ್ಕರಲ್ಲೂ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಸಾಲು. ಹನ್ನೆರಡನೆಯದನ್ನು ನಾಲ್ಕು ಜನ ಓದಲೆಂದು ಹೀಗೆ ಬರೆಯುತ್ತಿದ್ದೇನೆ.

1994ರಲ್ಲಿ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸುವಾಗ ನಮ್ಮ ರಸ್ತೆಯಲ್ಲಿ ವ್ಯಾಪಾರವೆಂದರೆ ಒಂದು ಹಿಟ್ಟಿನ ಗಿರಣಿ ಮಾತ್ರ. ‘ಪಕ್ಕಕ್ಕೆ ಮೂರಡಿ ಯಾಕ್ ಬಿಡ್ತೀರ ಸ್ವಾಮಿ, ರೂಮು ದೊಡ್ಡದಾಗುತ್ತೆ’ ಎಂದು ಮೇಸ್ತ್ರಿ ಆಸೆ ಹುಟ್ಟಿಸಿದರೂ ನಕ್ಷೆಯಲ್ಲಿದ್ದಷ್ಟನ್ನು ಬಿಟ್ಟೆ. ಮಗಳು ಎಸ್ಸೆಸ್ಸೆಲ್ಸಿ ಮುಗಿಸುವವರೆಗೆ ಹಜಾರದಲ್ಲೇ ಓದಿದಳು. ಬಿಟ್ಟ ಜಾಗದಲ್ಲಿ ಬಟ್ಟೆ ಒಣಗಿಸುವ ತಂತಿಯೂ ಒಂದು ಕರಿಬೇವಿನ ಗಿಡವೂ ಇದ್ದವು; ಅಡುಗೆಮನೆಯ ಕಿಟಕಿ ಅಲ್ಲಿಗೇ ತೆರೆಯುತ್ತಿತ್ತು.

ಪಕ್ಕದವರು ನೆಲಮಟ್ಟದಲ್ಲಿ ಬಿಟ್ಟಿರುವುದು ಒಂದು ಗೇಣು. ಮೊದಲ ಮಹಡಿಯಿಂದ ಮೇಲೆ ಅದೂ ಇಲ್ಲ, ಗೋಡೆ ಕಾಂಪೌಂಡಿನ ನೇರಕ್ಕೆ ಚಾಚಿಕೊಂಡಿದೆ. ಆ ಸಂದಿಗೆ ಕೆಳಗಿನ ಹೋಟೆಲಿನ ಎಕ್ಸಾಸ್ಟ್ ಫ್ಯಾನು ತೆರೆದಿದೆ. ಮೇಲಿನ ಎಸಿ ಯಂತ್ರಗಳೆಲ್ಲ ನಮ್ಮ ಮನೆಯ ಕಡೆ ಬಿಸಿಗಾಳಿ ಊದುತ್ತವೆ. ಹಗಲು ಹನ್ನೊಂದಕ್ಕೂ ಅಡುಗೆಮನೆಯಲ್ಲಿ ದೀಪ ಹಾಕಬೇಕು. ಕಿಟಕಿ ತೆರೆದರೆ ನಮ್ಮ ತಿಳಿಸಾರಿಗೂ ಅವರ ಗೋಬಿ ಮಂಚೂರಿಯ ವಾಸನೆ.

ಇಷ್ಟನ್ನೂ ಸಹಿಸಿದ್ದೆ. ಸಹಿಸಲಾಗದ್ದು ಗೋಡೆಯ ಗಾರೆಯ ಪ್ರಸಂಗ. ಜಾಗ ಬಿಡದೆ ಎಬ್ಬಿಸಿದ ಗೋಡೆಗೆ ಹೊರಗಿನಿಂದ ಗಾರೆ ಮಾಡಲು ಕರಣೆ ಆಡಿಸುವಷ್ಟೂ ಎಡೆ ಇರಲಿಲ್ಲ. ಹಾಗಾಗಿ ನಮ್ಮ ಅಂಗಳದಲ್ಲಿ ಸಾರವೆ ಕಟ್ಟುತ್ತೇವೆಂದು ಬಂದರು, ನಾನು ಒಪ್ಪಲಿಲ್ಲ. ಅಂದು ಸಂಜೆಯೇ ಸಹಾಯಕ ಎಂಜಿನಿಯರರ ಫೋನು. ಅದುವರೆಗಿನ ನನ್ನ ಏಳು ಅರ್ಜಿಗಳಿಗೆ ಒಮ್ಮೆಯೂ ಸ್ಥಳಕ್ಕೆ ಬಾರದಿದ್ದವರು, ‘ಅಕ್ಕಪಕ್ಕದವರು ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕು ಸಾರ್, ಮಳೆಗಾಲ ಬರ್ತಿದೆ, ಗೋಡೆ ಹಾಳಾಗುತ್ತೆ’ ಎಂದರು. ಅಕ್ರಮ ಗೋಡೆಯ ಆರೋಗ್ಯದ ಬಗ್ಗೆ ಅವರಿಗಿದ್ದ ಕಾಳಜಿಯನ್ನು ನಾನು ಮೆಚ್ಚಲೇಬೇಕು. ಆ ವಾರ ತಿಪಟೂರಿಗೆ ಮದುವೆಗೆಂದು ಹೋಗಿ ಮೂರನೆಯ ದಿನ ಮರಳಿದಾಗ ನಮ್ಮ ಅಂಗಳದಲ್ಲಿ ಸಾರವೆಯ ಗಳುಗಳು ನಿಂತಿದ್ದವು, ಕಿಟಕಿಯ ಸರಳುಗಳ ಮೇಲೆ ಸಿಮೆಂಟು ಹನಿ ಹನಿಯಾಗಿ ಗಟ್ಟಿಯಾಗಿತ್ತು, ಕರಿಬೇವನ್ನು ಬುಡಕ್ಕೇ ಕಡಿದಿದ್ದರು. ನಾನು ಬಿಟ್ಟ ಮೂರಡಿ ಅವರ ಕಟ್ಟಡಕ್ಕೆ ಸೆಟ್‌ಬ್ಯಾಕ್ ಆಯಿತು, ಸ್ವಾಮಿ.

ಕಚೇರಿಗೆ ಹೋದರೆ ‘ಅದು ಕಮರ್ಷಿಯಲ್ ಜೋನ್’ ಎನ್ನುತ್ತಾರೆ. ವಾಣಿಜ್ಯ ವಲಯದಲ್ಲಿ ಹೆಚ್ಚು ಕಟ್ಟಲು ಅವಕಾಶವಿರಬಹುದು, ಜಾಗವನ್ನೇ ಬಿಡಬೇಡಿ ಎಂದು ಯಾವ ನಿಯಮ ಹೇಳುತ್ತದೆ? ಮಾಹಿತಿ ಹಕ್ಕಿನಲ್ಲಿ ನಾನು ಪಡೆದ 2022ರ ಮಂಜೂರಾತಿ ನಕ್ಷೆಯಲ್ಲಿ ನೆಲಮಹಡಿಯ ಮೇಲೆ ಎರಡೇ ಅಂತಸ್ತು ಇವೆ, ನಮ್ಮ ಕಡೆಗೆ ಒಂದು ಮೀಟರ್ ಬಿಟ್ಟಿದೆ. 2007ರಲ್ಲಿ ಜಾರಿಗೆ ಬಂದ ವಲಯ ನಿಯಮಾವಳಿಯ ಪ್ರಕಾರ ಎತ್ತರ ಹನ್ನೊಂದೂವರೆ ಮೀಟರ್ ದಾಟಿದ ಕಟ್ಟಡಕ್ಕೆ ಸುತ್ತಲೂ ಕನಿಷ್ಠ ಐದು ಮೀಟರ್ ಬಿಡಬೇಕಿತ್ತು. ಮೂವತ್ತಡಿ ಅಗಲದ ಸೈಟಿನಲ್ಲಿ ಎರಡು ಪಕ್ಕಕ್ಕೆ ಐದೈದು ಮೀಟರ್ ಬಿಟ್ಟರೆ ಕಟ್ಟಲು ನೆಲವೇ ಉಳಿಯುವುದಿಲ್ಲ ಎಂಬುದನ್ನು ತಮ್ಮ ಎಂಜಿನಿಯರರಿಗೆ ನಾನು ಲೆಕ್ಕ ಹಾಕಿ ತೋರಿಸಬೇಕೇ? ದಂಡ ಕಟ್ಟಿ ಸಕ್ರಮ ಮಾಡಿಸಿಕೊಳ್ಳಬಹುದೆಂದು ಪಕ್ಕದವರು ಕಾಯುತ್ತಿದ್ದಾರೇನೋ. ಆ ಅಕ್ರಮ-ಸಕ್ರಮ ಯೋಜನೆ 2013ಕ್ಕಿಂತ ಈಚಿನ ಕಟ್ಟಡಗಳಿಗೆ ಇರಲಿಲ್ಲ, ವಾಣಿಜ್ಯ ಕಟ್ಟಡಗಳಿಗೆ ಶೇ. 25ರಷ್ಟು ಉಲ್ಲಂಘನೆ ಮೀರುವಂತಿರಲಿಲ್ಲ, ಅದಕ್ಕೂ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿತು. ಕಟ್ಟಡ ನಕ್ಷೆಯಂತೆಯೇ ಇದೆ, ಬಳಸಬಹುದು ಎಂದು ಕೊಡುವ ಸ್ವಾಧೀನಾನುಭವ ಪತ್ರವಿಲ್ಲದೆ ವಿದ್ಯುತ್, ನೀರು ಕೊಡಕೂಡದೆಂದು ಅದೇ ಕೋರ್ಟ್ 2024ರ ಡಿಸೆಂಬರ್ 17ರಂದು ಹೇಳಿದ ಮೇಲೂ ಮೇಲಿನ ಎರಡು ಮಹಡಿಗೆ ಹೊಸ ಮೀಟರುಗಳು ಬಂದವು.

2010ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನದೇ ಬಹುಮಹಡಿ ಕಟ್ಟಡ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದು ಒಂಬತ್ತು ಜನ ಸತ್ತರು. ಹೊಗೆ ತಾಳಲಾರದೆ ಕಿಟಕಿಯಿಂದ ಧುಮುಕಿದವರೂ ಅವರಲ್ಲಿದ್ದರು. ನಮ್ಮ ಪಕ್ಕದ ಹೋಟೆಲಿನಲ್ಲಿ ದಿನವಿಡೀ ಒಲೆ ಉರಿಯುತ್ತದೆ. ಅಗ್ನಿಶಾಮಕದವರು ಆ ಗೇಣಿನ ಸಂದಿಯಲ್ಲಿ ಏಣಿ ಇಡುವರೋ, ನಮ್ಮ ಅಂಗಳದಲ್ಲೋ?

ಆದ್ದರಿಂದ ಮತ್ತೆ ಕೇಳುತ್ತೇನೆ, ಅಳೆಸಿ. ನನ್ನೆದುರು ಅಳೆಸಿ, ಮಹಜರಿನಲ್ಲಿ ನನ್ನ ಸಹಿಯನ್ನೂ ಹಾಕಿಸಿ. ತಾತ್ಕಾಲಿಕ ಆದೇಶ ಹೊರಡಿಸಿ ಕಡತವನ್ನು ಕಪಾಟಿಗೆ ಸೇರಿಸದೆ ಅದನ್ನು ಕಾಯಂಗೊಳಿಸುವ ದೃಢೀಕರಣ ಆದೇಶವನ್ನೂ ಹೊರಡಿಸಿ, ನಕ್ಷೆ ಮೀರಿದ ಭಾಗವನ್ನು ತೆಗೆಸಿ. ನನಗೆ ಪರಿಹಾರ ಬೇಡ, ಸಂಧಾನವೂ ಬೇಡ. ಅಳೆಸಿ, ಸಾಕು.

ಯಾವ ದಿನ ಬರುತ್ತಾರೆಂದು ತಿಳಿಸಿದರೆ ಗೇಟಿನ ಬೀಗ ತೆಗೆದಿಟ್ಟಿರುತ್ತೇನೆ. ಟೇಪು ತರಲು ಮರೆತರೂ ಚಿಂತೆಯಿಲ್ಲ. 1994ರಲ್ಲಿ ಪಾಯದ ಗುರುತು ಹಾಕಲು ಕೊಂಡದ್ದು ಇನ್ನೂ ನನ್ನ ಬಳಿ ಇದೆ.

ಇಂತಿ ತಮ್ಮ ವಿಶ್ವಾಸಿ,
ಪಕ್ಕದ ಮನೆಯವನು