ನಮ್ಮ ಮಾಳಿಗೆ ಮನೆ ಉಳಿಸಿಕೊಟ್ಟವರಿಗೆ

ನಿನ್ನೆ ಪಡಸಾಲೆಯಲ್ಲಿ ಹಾಲುಕ್ಕಿಸಿದೆವು. ಕಳೆದ ಮಳೆಗಾಲದಲ್ಲಿ ರಾತ್ರೋರಾತ್ರಿ ಮೂಡಣ ಗೋಡೆ ಬಿದ್ದಾಗ, ಮಾಯಕೊಂಡದ ಹತ್ತಿರದ ಈ ಮನೆಯ ಆಸೆಯನ್ನೇ ಬಿಟ್ಟಿದ್ದೆ.

ಆ ರಾತ್ರಿ ಅಮ್ಮನ ಕೈಹಿಡಿದು ಕರೆದೊಯ್ದು, ನಾಲ್ಕು ತಿಂಗಳು ತಮ್ಮ ನಡುಮನೆ ಬಿಟ್ಟುಕೊಟ್ಟ ಎದುರುಮನೆ ಅಕ್ಕ-ಭಾವನಿಗೆ ಮೊದಲ ನಮಸ್ಕಾರ.

ನೆನೆದ ಟ್ರಂಕಿನ ಕಾಗದಪತ್ರಗಳನ್ನು ಒಣಗಿಸುವಾಗ ಮೊದಲ ಸಲ ಪೂರ್ತಿ ಓದಿದೆ. ಮನೆ ಇದ್ದಲ್ಲೇ ಇದೆ, ವಿಳಾಸ ಬದಲಾಗುತ್ತಾ ಬಂದಿದೆ. ಮುತ್ತಾತನ ಕ್ರಯಪತ್ರದಲ್ಲಿ ಮೈಸೂರು ಸಂಸ್ಥಾನ, ಚಿತ್ರದುರ್ಗ ಡಿಸ್ಟ್ರಿಕ್ಟು. ತಾತನ ಪಾಲುಪತ್ರದಲ್ಲಿ ಮೈಸೂರು ರಾಜ್ಯ. 1973ರ ನಂತರದ ಕಂದಾಯ ರಸೀದಿಗಳಲ್ಲಿ ಕರ್ನಾಟಕ. 1997ರಲ್ಲಿ ಜಿಲ್ಲೆಯೂ ದಾವಣಗೆರೆಯಾಯಿತು. ಮುತ್ತಾತ ಇದನ್ನು ಕಟ್ಟಿಸಿದ್ದಲ್ಲ, ಜೋಳದ ವ್ಯಾಪಾರಿ ಮನೆತನದವರಿಂದ ಕೊಂಡದ್ದು ಎಂಬುದೂ ಆಗಲೇ ತಿಳಿದದ್ದು.

ಆ ಮನೆತನದ ಅಜ್ಜಿಯೊಬ್ಬರು ಸುದ್ದಿ ಕೇಳಿ ದಾವಣಗೆರೆಯಿಂದ ಬಂದರು. ಮನೆ ಮಾರಿದಾಗ ಅವರಿಗೆ ಏಳು ವರ್ಷವಂತೆ. ಬಿದ್ದ ಗೋಡೆಯತ್ತ ನೋಡದೆ, ಅಂಗಳದಲ್ಲಿ ಹೆಜ್ಜೆ ಎಣಿಸಿ ನಿಂತು, "ಇಲ್ಲಿ ಅಗೀರಪ್ಪಾ, ಹಗೇವಿನ ಬಾಯಿ ಐತೆ" ಅಂದರು. ಹಗೇವು ಅಂದರೆ ಕಾಳು ತುಂಬಿಡಲು ನೆಲದೊಳಗೆ ತೋಡಿದ ಕಣಜ. ಮೂರಡಿ ಅಗೆಯುವಷ್ಟರಲ್ಲಿ ಚಪ್ಪಡಿ ಸಿಕ್ಕಿತು. ಒಳಗಿಳಿಯಲು ಹೊರಟ ಹುಡುಗನ ರಟ್ಟೆ ಹಿಡಿದು ನಿಲ್ಲಿಸಿದವರೂ ಅವರೇ: "ಮೊದ್ಲು ದೀಪ ಬಿಡ್ರಿ." ಹಗ್ಗ ಕಟ್ಟಿ ಬಿಟ್ಟ ಲಾಟೀನು ಆಳುದ್ದ ಇಳಿಯುವ ಮೊದಲೇ ಆರಿಹೋಯಿತು. ಮುಚ್ಚಿದ ಹಗೇವಿನ ಕೆಟ್ಟ ಗಾಳಿ ಉಸಿರು ಕಟ್ಟಿಸಿ ಕೊಲ್ಲುತ್ತದೆ. ಆ ಹುಡುಗ ನನ್ನ ತಮ್ಮನ ಮಗ. ಆ ಋಣ ಹೇಗೆ ತೀರಿಸಲಿ?

ಎಷ್ಟೋ ವರ್ಷಗಳಿಂದ ಮಳೆನೀರು ಅದರೊಳಗೆ ಇಳಿದು ಪಾಯ ಕುಸಿದಿತ್ತು. ಇದು ಗೊತ್ತಿಲ್ಲದೆ ಗೋಡೆ ಎಬ್ಬಿಸಿದ್ದರೆ ಮತ್ತೆ ಬೀಳುತ್ತಿತ್ತು.

ನಮ್ಮ ಮೇಸ್ತ್ರಿಯವರು ಸಿಮೆಂಟು ಮುಟ್ಟಲೇ ಇಲ್ಲ. ಮಣ್ಣಿನ ಗೋಡೆಗೆ ಸಿಮೆಂಟು ಬಳಿದರೆ ತೇವ ಒಳಗೇ ನಿಂತು ಗೋಡೆ ಹಾಳಾಗುತ್ತದೆ ಎಂದು ನನ್ನನ್ನು ಒಪ್ಪಿಸಿದರು. ಮಾಳಿಗೆಗೆ ಜಂತೆಯ ಮೇಲೆ ಸೊಪ್ಪು, ಅದರ ಮೇಲೆ ಮಣ್ಣು, ಕೊನೆಗೆ ಚೌಳು ಮಣ್ಣು. ಚೌಳು ನೆನೆದರೆ ಸಂದೆಲ್ಲ ತಾನೇ ಮುಚ್ಚಿಕೊಂಡು ನೀರನ್ನು ಜಾರಿಸಿಬಿಡುತ್ತದೆ. ಆ ಮಣ್ಣು ಹೇರಲು ಟ್ರ್ಯಾಕ್ಟರ್ ಕೊಟ್ಟು ಡೀಸೆಲ್ ದುಡ್ಡನ್ನೂ ಮುಟ್ಟದ ಗೆಳೆಯರೇ, ನಿಮ್ಮನ್ನು ಮರೆಯಲಾರೆ.

ನಿನ್ನೆ ಹೊಸ್ತಿಲಿಗೆ ಅರಿಶಿನ ಹಚ್ಚಿದ್ದು ಆ ಅಜ್ಜಿ. ಹೊರಡುವಾಗ ಅಮ್ಮ ಒಂದು ಇಳಕಲ್ ಸೀರೆ ಕೈಗಿಟ್ಟು, "ತವರುಮನೆ ಸೀರೆ ಯವ್ವಾ, ಬ್ಯಾಡ ಅನ್ಬ್ಯಾಡ್ರಿ" ಅಂದಳು. ಅಜ್ಜಿ ಅದನ್ನು ಕಣ್ಣಿಗೊತ್ತಿಕೊಂಡರು.