ಎಲ್ಲರೂ ಹೂಂ ಅಂದಾಗ

ಚಿ॥ ಸೌ॥ ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ.

ಹಾಲಿನ ಡೈರಿಗೆ ನಿರ್ದೇಶಕಿಯಾದ ಮೇಲಿನ ಮೊದಲ ಸಭೆಯ ಬಗ್ಗೆ ನೀನು ಬರೆದದ್ದನ್ನು ಎರಡೆರಡು ಸಲ ಓದಿದೆ. ಹಾಲು ಪರೀಕ್ಷೆಯ ಹೊಸ ಯಂತ್ರಕ್ಕೆ ಬಂದಿದ್ದು ಒಂದೇ ಕೊಟೇಷನ್. ಬೆಲೆ ಜಾಸ್ತಿಯಾಯಿತು ಅಂತ ನಿನಗೆ ಅನ್ನಿಸಿದೆ. ಅಷ್ಟರಲ್ಲಿ ಅಧ್ಯಕ್ಷರು ‘ಎಲ್ಲರ ಒಪ್ಪಿಗೆ ಇದೆ ತಾನೆ?’ ಅಂದರು, ಒಬ್ಬೊಬ್ಬರಾಗಿ ತಲೆಯಾಡಿಸಿದರು, ನೀನೂ ಆಡಿಸಿದೆ. ನಡಾವಳಿ ಪುಸ್ತಕದಲ್ಲಿ ‘ಸರ್ವಾನುಮತದಿಂದ’ ಅಂತ ಬರೆದು ಸಹಿಗೆ ಮುಂದೆ ತಳ್ಳಿದರು. ‘ನನಗೆ ಧೈರ್ಯವೇ ಇಲ್ಲ ದೊಡ್ಡಮ್ಮ’ ಅಂದಿದ್ದೀಯ. ಈ ಮಾತು ನಾನು ಒಪ್ಪುವುದಿಲ್ಲ.

ಮನಃಶಾಸ್ತ್ರ ಪಾಠ ಮಾಡುತ್ತಿದ್ದಾಗ ಹುಡುಗರಿಗೆ ತಪ್ಪದೆ ಹೇಳುತ್ತಿದ್ದ ಪ್ರಯೋಗವೊಂದಿದೆ. ಅಮೆರಿಕದ ಸಾಲೊಮನ್ ಆ್ಯಶ್ 1951ರಲ್ಲಿ ಪ್ರಕಟಿಸಿದ್ದು. ಒಂದು ಕಾರ್ಡಿನಲ್ಲಿ ಒಂದು ಗೆರೆ, ಇನ್ನೊಂದರಲ್ಲಿ ಮೂರು. ಮೂರರಲ್ಲಿ ಯಾವುದು ಆ ಒಂದಕ್ಕೆ ಸಮ ಅಂತ ಕೂತವರು ಸರದಿಯಂತೆ ಕೂಗಿ ಹೇಳಬೇಕು. ಮಗುವೂ ಹೇಳೀತು, ಅಷ್ಟು ಸುಲಭ. ಆದರೆ ಕೋಣೆಯಲ್ಲಿ ನಿಜವಾದ ಅಭ್ಯರ್ಥಿ ಒಬ್ಬನೇ. ಮಿಕ್ಕವರಿಗೆಲ್ಲ ಮೊದಲೇ ಹೇಳಿಕೊಟ್ಟಿತ್ತು. 18 ಸುತ್ತುಗಳಲ್ಲಿ 12ರಲ್ಲಿ ಅವರೆಲ್ಲ ಒಂದೇ ತಪ್ಪು ಉತ್ತರ ಹೇಳುತ್ತಿದ್ದರು. ಆ ಸುತ್ತುಗಳಲ್ಲಿ ಅಭ್ಯರ್ಥಿಗಳು ಕೊಟ್ಟ ಉತ್ತರಗಳಲ್ಲಿ ಸುಮಾರು ಮೂರರಲ್ಲಿ ಒಂದು ಗುಂಪಿನ ತಪ್ಪನ್ನೇ ಹಿಡಿದಿತ್ತು. ಒಮ್ಮೆಯೂ ಬಾಗದವರು ನಾಲ್ವರಲ್ಲಿ ಒಬ್ಬರು ಮಾತ್ರ. ಆಮೇಲೆ ಕೇಳಿದಾಗ ಕೆಲವರು ‘ನನ್ನ ಕಣ್ಣೇ ಸರಿಯಿಲ್ಲವೇನೋ ಅಂದುಕೊಂಡೆ’ ಅಂದರು. ಇನ್ನು ಕೆಲವರಿಗೆ ಸರಿ ಯಾವುದೆಂದು ಗೊತ್ತಿತ್ತು, ಒಬ್ಬರೇ ಬೇರೆಯಾಗಿ ಕಾಣುವುದು ಬೇಡವಾಗಿತ್ತು.

ಗೆರೆಯ ವಿಷಯದಲ್ಲೇ ಹೀಗಾದರೆ, ದಿನಾ ಮುಖ ನೋಡಬೇಕಾದ ಊರಿನವರ ಮುಂದೆ ದುಡ್ಡಿನ ವಿಷಯದಲ್ಲಿ ಹೇಗಾದೀತು ನೀನೇ ಯೋಚಿಸು. ಇನ್ನೊಬ್ಬರ ಮುಖ ಓದಿ ಹೆಜ್ಜೆ ಇಡುವ ಗುಣ ಇಲ್ಲದಿದ್ದರೆ ಸಂಸಾರವೂ ನಡೆಯದು, ಸಹಕಾರ ಸಂಘವೂ ನಡೆಯದು. ಅದನ್ನು ದೌರ್ಬಲ್ಯ ಅನ್ನಬೇಡ.

ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು ಆ್ಯಶ್ ಆಮೇಲೆ ಮಾಡಿದ್ದು. ಗುಂಪಿನಲ್ಲಿ ಒಬ್ಬ ಸರಿ ಉತ್ತರ ಹೇಳುವಂತೆ ಏರ್ಪಾಡು ಮಾಡಿದಾಗ ಬಾಗುವುದು ಮೊದಲಿದ್ದದ್ದರ ಕಾಲು ಭಾಗಕ್ಕೆ ಇಳಿಯಿತು. ಆ ಒಬ್ಬ ಬೇರೊಂದು ತಪ್ಪು ಉತ್ತರ ಹೇಳಿದಾಗಲೂ ಒತ್ತಡ ಎಷ್ಟೋ ಸಡಿಲವಾಯಿತು. ಅಂದರೆ ಒಮ್ಮತ ಮುರಿದರೆ ಸಾಕು, ಮುರಿದವನು ಜಾಣನೇ ಆಗಿರಬೇಕಿಲ್ಲ. ಉತ್ತರವನ್ನು ಕೂಗಿ ಹೇಳದೆ ಚೀಟಿಯಲ್ಲಿ ಬರೆಯಲು ಬಿಟ್ಟಾಗಲೂ ಜನ ಹೆಚ್ಚಾಗಿ ತಮಗೆ ಕಂಡದ್ದನ್ನೇ ಬರೆದರು.

ಅದಕ್ಕೇ ಮುಂದಿನ ಸಭೆಗೆ ಮನೆಯಿಂದ ಹೊರಡುವ ಮುಂಚೆ ನೋಟಿಸಿನ ಹಿಂಬದಿಯಲ್ಲಿ ಪ್ರತಿ ವಿಷಯಕ್ಕೂ ನಿನ್ನ ಅಭಿಪ್ರಾಯ ಬರೆದುಕೋ. ಸಭೆಯಲ್ಲಿ ಯಾರದೋ ಮಾತು ಕೇಳಿ ಮನಸ್ಸು ಬದಲಾದರೆ ಬದಲಾಗಲಿ, ಕಾರಣ ಏನೆಂದು ನಿನಗೆ ತಿಳಿದಿರಲಿ. ವಿರೋಧಿಸಲೇಬೇಕೆಂಬ ಹಟ ಬೇಡ. ಅಧ್ಯಕ್ಷರಿಗೆ ಎದುರಾಡಿದಂತಾದೀತು ಅನ್ನಿಸಿದರೆ ‘ಇನ್ನೆರಡು ಕೊಟೇಷನ್ ತರಿಸಿ ನೋಡೋಣವಾ ಸಾರ್?’ ಅಂತ ಕೇಳು, ಸಾಕು.

ಪಕ್ಕದಲ್ಲಿದ್ದ ಹಿರಿಯ ನಿರ್ದೇಶಕಿ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದರು ಅಂತ ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀಯ. ನಾನು ಅಲ್ಲೇ ನಿಂತೆ. ಅವರಿಗೂ ನಿನ್ನ ಹಾಗೇ ಅನ್ನಿಸಿರಬಹುದು. ಈ ವಾರ ಅವರ ಮನೆಗೆ ಹೋಗಿ ಯಂತ್ರದ ವಿಷಯ ಕೇಳು. ಖರೀದಿ ಆರ್ಡರ್ ಇನ್ನೂ ಹೋಗಿಲ್ಲ ಅಂದಿದ್ದೀಯಲ್ಲ, ಮರುಪರಿಶೀಲನೆಗೆ ಇಬ್ಬರೂ ಸೇರಿ ಅರ್ಜಿ ಕೊಡಬಹುದು. ಕರಡು ಬರೆದು ಕಳಿಸು, ನೋಡಿಕೊಡುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ