ಲಿಕ್ವಿಡ್ ನೈಟ್ರೋಜನ್ ತುಂಬಿಸುವ ಕಪ್ಲಿಂಗ್ ಬದಲಾಗುತ್ತಿದೆ

ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳಿಂದ ನಮ್ಮ ಗಾಡಿಯ ಹೋಸ್ ತುದಿಯಲ್ಲಿ ಸ್ಪ್ಯಾನರ್ ಹಾಕಿ ಬಿಗಿಯುವ ನಟ್ ಇರುವುದಿಲ್ಲ. ಒತ್ತಿ, ತಿರುಗಿಸಿ ಲಾಕ್ ಮಾಡುವ ನಾಝಲ್ ಬರುತ್ತಿದೆ. ಅದು ಕೂರಲು ನಿಮ್ಮ ಟ್ಯಾಂಕಿನ ಫಿಲ್ಲಿಂಗ್ ಲೈನಿಗೂ ಅದರ ಜೋಡಿ ರಿಸೆಪ್ಟಕಲ್ ಹಾಕಬೇಕು. ಮುಂದಿನ ಸಲ ಬಂದಾಗ ನಮ್ಮ ಹುಡುಗರೇ ಹಾಕಿಕೊಡುತ್ತಾರೆ, ದುಡ್ಡಿಲ್ಲ. ಸಣ್ಣ ಜಾರ್‌ಗೆ ಸುರಿಸಿಕೊಳ್ಳುವ ಕ್ಲಿನಿಕ್‌ಗಳಿಗೆ ಬದಲಾವಣೆ ಏನೂ ಇಲ್ಲ.

ಹಳೆಯದು ಕೆಟ್ಟದ್ದೇನಲ್ಲ. ಆದರೆ ತುಂಬಿಸಿದ ಮೇಲೆ ಹೋಸಿನಲ್ಲಿ ಉಳಿದ ಲಿಕ್ವಿಡ್ಡನ್ನೆಲ್ಲ ಹೊರಗೆ ಬಿಟ್ಟೇ ನಟ್ ಬಿಚ್ಚಬೇಕಿತ್ತು. ಒಂದು ಲೀಟರ್ ಲಿಕ್ವಿಡ್ ಆವಿಯಾದರೆ ಸುಮಾರು 700 ಲೀಟರ್ ಗ್ಯಾಸ್ ಆಗುತ್ತದೆ. ಗಾಳಿಯಾಡದ ರೂಮಿನಲ್ಲಿ ಅದು ತುಂಬಿಕೊಂಡರೆ ಉಸಿರಾಡಲು ಆಕ್ಸಿಜನ್ ಸಾಲುವುದಿಲ್ಲ. ವಾಸನೆ ಇಲ್ಲ, ಬಣ್ಣ ಇಲ್ಲ, ಗೊತ್ತೇ ಆಗುವುದಿಲ್ಲ. ಹೊಸ ಕಪ್ಲಿಂಗ್‌ನಲ್ಲಿ ನಾಝಲ್, ರಿಸೆಪ್ಟಕಲ್ ಎರಡರ ಒಳಗೂ ವಾಲ್ವ್ ಇದೆ. ಬಿಡಿಸಿದ ಕೂಡಲೇ ಎರಡೂ ಮುಚ್ಚಿಕೊಳ್ಳುತ್ತವೆ. ಚೆಲ್ಲುವುದು ತೀರಾ ಸ್ವಲ್ಪ. ಹಾಗಂತ ಕಿಟಕಿ ಮುಚ್ಚಬೇಡಿ.

ಹೋಸಿನಲ್ಲಿ ಸಿಕ್ಕಿಕೊಂಡ ಲಿಕ್ವಿಡ್ ಬಿಸಿಯಾಗಿ ಪ್ರೆಶರ್ ಏರುತ್ತದೆ ಅಲ್ವಾ? ಅದಕ್ಕೇ ಹೋಸಿನ ಮೇಲೊಂದು ಸೇಫ್ಟಿ ವಾಲ್ವ್ ಇದೆ. ಅದು ಆಗಾಗ ಬುಸ್ ಅನ್ನುತ್ತದೆ. ಹೆದರಬೇಡಿ, ಅದರ ಬಾಯಿಗೆ ಎದುರು ಮಾತ್ರ ನಿಲ್ಲಬೇಡಿ.

ಇನ್ನು ನಿಮ್ಮ ಕೈಯಲ್ಲಿರುವ ಕೆಲಸ. ಈ ಲಿಕ್ವಿಡ್ ಮೈನಸ್ 196 ಡಿಗ್ರಿ. ಲೀಕ್ ಆಗದಂತೆ ಕಪ್ಲಿಂಗ್‌ನಲ್ಲಿ ಟೆಫ್ಲಾನ್ ಸೀಲ್ ಇದೆ, ಅದರೊಳಗೆ ಸ್ಪ್ರಿಂಗ್. ಸೀಲ್ ಆ ಚಳಿಗೆ ಕುಗ್ಗಿದರೂ ಸ್ಪ್ರಿಂಗ್ ಅದನ್ನು ಒತ್ತಿ ಹಿಡಿಯುತ್ತದೆ. ಅದಕ್ಕೆ ತೊಂದರೆ ಕೊಡುವುದು ನೀರು. ಒಂದು ಹನಿ ಇದ್ದರೂ ಐಸ್ ಆಗಿ ಸೀಲ್ ಕೂರುವುದಿಲ್ಲ, ಲೀಕ್ ಶುರು. ಇಲ್ಲವೇ ನಾಝಲ್ ಹಿಡಿದುಕೊಂಡುಬಿಡುತ್ತದೆ. ಆದ್ದರಿಂದ ರಿಸೆಪ್ಟಕಲ್ ಮೇಲಿನ ಕ್ಯಾಪ್ ಯಾವಾಗಲೂ ಹಾಕಿಡಿ, ಮಳೆಗಾಲದಲ್ಲಂತೂ ಮರೆಯಬೇಡಿ. ಜೋಡಿಸುವ ಮೊದಲು ನಮ್ಮವರು ಎರಡೂ ಮುಖಕ್ಕೆ ಒಣ ನೈಟ್ರೋಜನ್ ಗ್ಯಾಸ್ ಊದುತ್ತಾರೆ. ಸುಮ್ನೆ ಟೈಮ್ ವೇಸ್ಟ್ ಅಂದುಕೊಳ್ಳಬೇಡಿ.

ನಾಝಲ್ ಹಾಗೆ ಹಿಡಿದುಕೊಂಡು ಬಿಚ್ಚಲು ಬರದಿದ್ದರೆ ಸುತ್ತಿಗೆ ಏಟು, ಬಿಸಿನೀರು ಎರಡೂ ಬೇಡ. ಸುರಿದ ನೀರು ಒಳಗೆ ಉಳಿದು ಮುಂದಿನ ಸಲ ಅದೇ ಐಸ್ ಆಗುತ್ತದೆ. ಕಾಯಬೇಕು, ಇಲ್ಲವೇ ಒಣ ಗ್ಯಾಸ್ ಊದಬೇಕು. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ.

ತುಂಬಿಸುವ ಹೊತ್ತು ಜಾಸ್ತಿ ಉಳಿಯುವುದಿಲ್ಲ, ಮೊದಲೇ ಹೇಳಿಬಿಡುತ್ತೇವೆ. ಹೋಸ್ ತಣ್ಣಗಾಗಲು ಹಿಡಿಯುವಷ್ಟು ಹಿಡಿದೇ ಹಿಡಿಯುತ್ತದೆ.

ನಿಮ್ಮ ಫಿಲ್ಲಿಂಗ್ ಲೈನಿನ ಫೋಟೋ ತೆಗೆದು ಈ ವಾರದೊಳಗೆ ನಮ್ಮ ಡ್ರೈವರ್‌ಗೆ ವಾಟ್ಸಾಪ್ ಮಾಡಿ. ತ್ರೆಡ್ ಕಾಣಬೇಕು. ಲೈನ್ ಗೋಡೆಗೆ ಹತ್ತಿರ ಇದ್ದರೆ ಅದೂ ಕಾಣಲಿ, ನಾಝಲ್ ಹಿಡಿ ತಿರುಗಿಸಲು ಜಾಗ ಬೇಕು.

ಇಂತಿ,
ನಿಮ್ಮ ನೈಟ್ರೋಜನ್ ಸಪ್ಲೈ ತಂಡ, ಪೀಣ್ಯ